ಕ್ಲಾಡ್ ಮೊನೆಯ ಬಣ್ಣಗಳನ್ನು ಹಿಡಿದು ನಾರ್ಮಂಡಿಯ ಬಯಲಿನಲ್ಲಿ: ಇಂಪ್ರೆಷನಿಸಂ ಕಲಿತ ನನ್ನ ಅನುಭವ

ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಕ್ಯಾನ್ವಾಸಿನ ಮೇಲೆ ಹಿಡಿಯಹೊರಟ ಇಂಪ್ರೆಷನಿಸ್ಟ್ ಚಿತ್ರಕಲೆಯ ಚರಿತ್ರೆಯನ್ನು ನಾನು ವಿದ್ಯಾರ್ಥಿ ದೆಸೆಯಿಂದಲೂ ಓದುತ್ತ ಬಂದವನು. ಆದರೆ ಆ ಚಿತ್ರಗಳಲ್ಲಿ ಕುಂಚದ ಗುರುತುಗಳು ಏಕೆ ಬಿಡಿಬಿಡಿಯಾಗಿ ಉಳಿದಿವೆ, ನೆರಳು ಏಕೆ ಕಪ್ಪಾಗದೆ ನೀಲಿಗೆ ತಿರುಗುತ್ತದೆ, ಅವು 1870ರ ದಶಕದಲ್ಲಿ ಫ್ರಾನ್ಸಿನಲ್ಲೇ ಏಕೆ ಹುಟ್ಟಿದವು ಎಂಬ ಪ್ರಶ್ನೆಗಳಿಗೆ ನನಗೆ ಸಮಾಧಾನಕರವಾದ ಉತ್ತರ ದೊರೆತದ್ದು ಆ ಕಲಾವಿದರ ಸಾಮಗ್ರಿಗಳನ್ನು ಹಿಡಿದು, ಅವರು ನಿಂತ ಊರುಗಳಲ್ಲೇ ನಿಂತು ಕೆಲಸ ಮಾಡಿದ ಮೇಲೆ. ಕರ್ನಾಟಕದ ಒಂದು ಕಲಾಶಾಲೆಯಲ್ಲಿ ತೈಲವರ್ಣ ಕಲಿತು ಅನಂತರ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯಲ್ಲಿ ನೆಲೆಸಿದ ನನಗೆ ಲ ಆವ್ರ್, ಒನ್‌ಫ್ಲರ್, ರುವಾನ್ ಎಲ್ಲವೂ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿಬರುವಷ್ಟು ಹತ್ತಿರ. ಕಲಾಶಾಲೆಯಲ್ಲಿ ಕಂದು ಬಣ್ಣದ ತಳಪಾಯದ (ಕ್ಯಾನ್ವಾಸಿಗೆ ಮೊದಲು ಬಳಿಯುವ ಪದರದ) ಮೇಲೆ ಕತ್ತಲಿನಿಂದ ಬೆಳಕಿನ ಕಡೆಗೆ ಚಿತ್ರ ಕಟ್ಟುವುದನ್ನು ಕಲಿತಿದ್ದ ಕೈಯನ್ನು ಬೇರೊಂದು ಕ್ರಮಕ್ಕೆ ಒಗ್ಗಿಸಬೇಕಾಗಿತ್ತು.

ನಾನು ಬಣ್ಣಗಳಿಂದಲೇ ತೊಡಗಿದೆ. ಇಂಪ್ರೆಷನಿಸ್ಟರಲ್ಲಿ ಪ್ರಮುಖನಾದ ಕ್ಲಾಡ್ ಮೊನೆ 1905ರಲ್ಲಿ ತನ್ನ ಚಿತ್ರಗಳ ವ್ಯಾಪಾರಿ ಪಾಲ್ ದ್ಯುರಾಂ-ರುಯೆಲ್‌ಗೆ ಬರೆದ ಪತ್ರದಲ್ಲಿ ತಾನು ಬಳಸುವ ಬಣ್ಣಗಳನ್ನು ಹೆಸರಿಸಿದ್ದಾನೆ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ ಕೆಂಪು, ಗಾಢ ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ ಮತ್ತು ವಿರಿಡಿಯನ್ ಹಸಿರು. ಕಪ್ಪು ಇಲ್ಲ, ಮಣ್ಣಿನ ಬಣ್ಣಗಳೂ ಇಲ್ಲ. ಸೀಸವೂ ವರ್ಮಿಲಿಯನ್ನಿನಲ್ಲಿರುವ ಪಾದರಸವೂ ವಿಷವಾದ್ದರಿಂದ ನಾನು ಅವುಗಳ ಬದಲಿಗೆ ಟೈಟೇನಿಯಂ ಬಿಳಿ ಮತ್ತು ಕ್ಯಾಡ್ಮಿಯಂ ಕೆಂಪನ್ನು ಇಟ್ಟುಕೊಂಡೆ. ಟೈಟೇನಿಯಂ ಬಿಳಿ ಸೀಸದ ಬಿಳಿಗಿಂತ ಬಹಳ ಪ್ರಬಲವಾದುದು; ಸ್ವಲ್ಪ ಹೆಚ್ಚಾದರೂ ಬಣ್ಣವನ್ನು ಸುಣ್ಣದಂತೆ ಮಂಕಾಗಿಸಿಬಿಡುತ್ತದೆ ಎಂಬುದನ್ನು ಈ ದಾರಿ ಹಿಡಿಯುವವರು ಗಮನದಲ್ಲಿಡಬೇಕು. ಈ ಪಟ್ಟಿಯನ್ನು ಒಪ್ಪಿಕೊಂಡ ಕೂಡಲೇ ನೆರಳಿನ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಮ್ಯಾಡರ್ ಕೆಂಪನ್ನೂ ವಿರಿಡಿಯನ್ನನ್ನೂ ಬೆರೆಸಿದರೆ ಕಪ್ಪಿಗೆ ಬಹಳ ಸಮೀಪದ ಗಾಢವರ್ಣ ಬರುತ್ತದೆ. ಅದಕ್ಕೆ ಕೋಬಾಲ್ಟ್ ನೀಲಿ ಸೇರಿಸಿದರೆ ನೇರಳೆಯ ಕಡೆಗೋ ಹಸಿರಿನ ಕಡೆಗೋ ವಾಲಿಸಬಹುದು. ಯಾವ ಕಡೆಗೆ ವಾಲಿಸಬೇಕೆಂದು ತೀರ್ಮಾನಿಸಬೇಕಾದರೆ ಎದುರಿನ ನೆರಳನ್ನು ನಿಜವಾಗಿ ನೋಡಲೇಬೇಕಾಗುತ್ತದೆ. ಪ್ಯಾರಿಸ್ಸಿನ ಗೋಬ್ಲೆನ್ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನತಜ್ಞ ಷೆವ್ರೊಲ್, ಅಕ್ಕಪಕ್ಕದ ಬಣ್ಣಗಳು ಒಂದರ ತೋರಿಕೆಯನ್ನು ಇನ್ನೊಂದು ಬದಲಿಸುತ್ತವೆ ಎಂದು 1839ರಲ್ಲಿ ವಿವರಿಸಿದ್ದ. ಕಿತ್ತಳೆ ಬಿಸಿಲಿನ ಪಕ್ಕದ ನೆರಳು ನೀಲಿಯಾಗಿ ಕಾಣುವುದನ್ನು ಬಯಲಿನಲ್ಲಿ ಕಂಡ ಮೇಲೆ ಆ ಮಾತು ನನಗೆ ಪುಸ್ತಕದ ನಿಯಮವಾಗಿ ಉಳಿಯಲಿಲ್ಲ.

ಈ ಬಣ್ಣಗಳಲ್ಲಿ ಹಲವು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರದ ಕೊಡುಗೆ. ಕೋಬಾಲ್ಟ್ ನೀಲಿಯನ್ನು ಫ್ರೆಂಚ್ ರಸಾಯನತಜ್ಞ ತೆನಾರ್ 1802ರಲ್ಲಿ ರೂಪಿಸಿದ; ವಿರಿಡಿಯನ್ ತಯಾರಿಕೆಗೆ ಗಿನ್ಯೆ 1859ರಲ್ಲಿ ಪೇಟೆಂಟ್ ಪಡೆದ. ಅದಕ್ಕಿಂತ ದೊಡ್ಡ ಬದಲಾವಣೆಯನ್ನು ತಂದದ್ದು ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ಕಂಡುಹಿಡಿದ ಮಡಚಬಹುದಾದ ಲೋಹದ ಟ್ಯೂಬು. ಅಲ್ಲಿಯವರೆಗೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿ ತೆರೆದರೆ ಅದನ್ನು ಸರಿಯಾಗಿ ಮುಚ್ಚಲು ಬರುತ್ತಿರಲಿಲ್ಲ. ಪ್ಯಾರಿಸ್ಸಿನಿಂದ ರುವಾನ್‌ಗೆ 1843ರಲ್ಲಿ, ಲ ಆವ್ರ್‌ಗೆ 1847ರಲ್ಲಿ ರೈಲು ಬಂತು. ಟ್ಯೂಬುಗಳ ಪೆಟ್ಟಿಗೆ, ಮಡಚುವ ಈಸಲ್, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕ್ಯಾನ್ವಾಸುಗಳನ್ನು ಹೊತ್ತು ಬೆಳಿಗ್ಗೆ ರೈಲು ಹತ್ತಿ, ದಂಡೆಯಲ್ಲಿ ಚಿತ್ರ ಬರೆದು, ಸಂಜೆ ಒದ್ದೆ ಕ್ಯಾನ್ವಾಸಿನೊಂದಿಗೆ ಮರಳುವುದು ಇಂಪ್ರೆಷನಿಸ್ಟರ ತಲೆಮಾರಿಗೆ ಸಾಧ್ಯವಾಯಿತು. ಅದೇ ಮಾರ್ಗದಲ್ಲಿ ಅದೇ ಹೊರೆ ಹೊತ್ತು ಓಡಾಡಿದ ನಾನು, ಈ ಕಲೆಯ ಹುಟ್ಟಿನಲ್ಲಿ ಹೊಸ ಆಲೋಚನೆಗಿರುವಷ್ಟೇ ಪಾಲು ಈ ಸಾಗಾಟಕ್ಕೂ ಇದೆಯೆಂದು ದೃಢವಾಗಿ ನಂಬುತ್ತೇನೆ. ಬಯಲಲ್ಲಿ ಚಿತ್ರ ಬರೆಯುವ ಅಭ್ಯಾಸ ಅವರಿಗಿಂತ ಹಳೆಯದೇ ಆಗಿತ್ತು. ಫಾಂಟೆನ್‌ಬ್ಲೊ ಕಾಡಿನಂಚಿನ ಬಾರ್ಬಿಜೋನ್ ಹಳ್ಳಿಯಲ್ಲಿ ನೆಲೆಸಿದ್ದ ಹಿರಿಯರು ಅದನ್ನು ಮಾಡುತ್ತಿದ್ದರು. ಹದಿಹರೆಯದ ಮೊನೆಯನ್ನು ಲ ಆವ್ರ್‌ನ ಹೊರಬಯಲಿಗೆ ಕರೆದೊಯ್ದವನು ಕಡಲ ದಂಡೆಯ ಆಕಾಶಗಳನ್ನೇ ಬರೆಯುತ್ತಿದ್ದ ಯೂಜೀನ್ ಬೂದೆಂ.

ಗಾಳಿ ಬೀಸುವ ದಂಡೆಯಲ್ಲಿ ಕೆಲಸ ಮಾಡಿದರೆ ಬಣ್ಣಕ್ಕೆ ಮರಳು ಅಂಟದೆ ಇರುವುದಿಲ್ಲ. ಮೊನೆ 1870ರ ಬೇಸಿಗೆಯಲ್ಲಿ ತ್ರೂವೀಲ್ ಕಡಲತೀರದಲ್ಲಿ ಬರೆದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಪುಟ್ಟ ಚಿತ್ರದ ಬಣ್ಣದ ಪದರದಲ್ಲೂ ಮರಳಿನ ಕಣಗಳಿವೆ. ಆ ಚಿತ್ರದಲ್ಲಿ ತಿಳಿಬಣ್ಣದ ತಳಪಾಯವನ್ನು ಅಲ್ಲಲ್ಲಿ ಹಾಗೆಯೇ ಕಾಣುವಂತೆ ಬಿಟ್ಟಿರುವುದಕ್ಕೆ ಪ್ರಾಯೋಗಿಕವಾದ ಕಾರಣವಿದೆ. ತಳಪಾಯವೇ ಬೆಳಕಿನ ಕೆಲಸ ಮಾಡಿದರೆ ಕುಂಚಕ್ಕೆ ಅರ್ಧದಷ್ಟು ಕೆಲಸ ತಪ್ಪುತ್ತದೆ. ಬೆಳಕು ಬದಲಾಗುವ ಮುನ್ನ ಚಿತ್ರ ಒಂದು ಹಂತಕ್ಕೆ ಬರುತ್ತದೆ. ಕೆಳಗಿನ ಬಣ್ಣ ಒಣಗಲು ಕಾಯುವ ವ್ಯವಧಾನ ಇಲ್ಲದಿರುವುದರಿಂದ ಒದ್ದೆಯ ಮೇಲೆ ಒದ್ದೆಯನ್ನೇ ಇಡಬೇಕು, ಇಟ್ಟದ್ದನ್ನು ತಿಕ್ಕಿದರೆ ಕೆಸರಾಗುತ್ತದೆ, ಆದ್ದರಿಂದ ಒಂದು ಗುರುತನ್ನು ಇಟ್ಟು ಅದನ್ನು ಮುಟ್ಟದೆ ಮುಂದಕ್ಕೆ ಹೋಗಬೇಕು. ಬಿಡಿಬಿಡಿ ಗುರುತುಗಳ ಆ ಹೆಣಿಗೆ ಈ ಒತ್ತಡದಿಂದ ಮೂಡಿದ್ದು. 1869ರಲ್ಲಿ ಮೊನೆ ಮತ್ತು ಅವನ ಚಿತ್ರಕಾರ ಗೆಳೆಯ ರೆನ್ವಾರ್ ಸೇನ್ ನದಿಯ ಲಾ ಗ್ರೆನುಯೇರ್ ಎಂಬ ಸ್ನಾನ, ದೋಣಿವಿಹಾರಗಳ ತಾಣದಲ್ಲಿ ಅಕ್ಕಪಕ್ಕ ನಿಂತು ನೀರಿನ ಅಲುಗಾಟವನ್ನು ಅಡ್ಡಡ್ಡ ಪಟ್ಟಿಗಳಲ್ಲಿ ಹಿಡಿದಾಗ ಈ ಕ್ರಮ ಗಟ್ಟಿಯಾಯಿತೆಂದು ನನ್ನ ಎಣಿಕೆ.

ಲ ಆವ್ರ್ ಬಂದರಿನ ಸೂರ್ಯೋದಯವೇ ನನಗೆ ಅತ್ಯಂತ ಹೆಚ್ಚು ಕಲಿಸಿದ ಪಾಠ. ಮೊನೆ ಹೋಟೆಲಿನ ಕಿಟಕಿಯಿಂದ ಬರೆದ, 1872ರ ತಾರೀಖು ಹೊತ್ತ ‘ಇಂಪ್ರೆಷನ್, ಸೂರ್ಯೋದಯ’ ಎಂಬ ಚಿತ್ರ ಈಗ ಪ್ಯಾರಿಸ್ಸಿನ ಮಾರ್ಮೊತ್ತಾಂ ಸಂಗ್ರಹಾಲಯದಲ್ಲಿದೆ. ಹಳೆಯ ಬಂದರು ಪ್ರದೇಶ 1944ರ ಬಾಂಬ್ ದಾಳಿಯಲ್ಲಿ ನೆಲಸಮವಾದ್ದರಿಂದ ಆ ಕಿಟಕಿ ಇಂದು ಇಲ್ಲ. ಆದರೂ ಮಂಜು, ಹೊಗೆಬಣ್ಣದ ನೀರು, ಕೆಂಪು ಸೂರ್ಯ ಇವೆಲ್ಲ ಚಳಿಗಾಲದ ಬೆಳಗಿನಲ್ಲಿ ಈಗಲೂ ಕಾಣಸಿಗುತ್ತವೆ. ಆ ಚಿತ್ರದ ಕಪ್ಪು-ಬಿಳುಪು ಪ್ರತಿಯನ್ನು ನೋಡಿದರೆ ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ. ಸುತ್ತಲಿನ ಬೂದುನೀಲಿ ಆಕಾಶಕ್ಕೂ ಆ ಕಿತ್ತಳೆ ಬಿಲ್ಲೆಗೂ ಬಣ್ಣದಲ್ಲಿ ಅಜಗಜಾಂತರವಿದ್ದರೂ ಹೊಳಪಿನ ಪ್ರಮಾಣ ಬಹುಮಟ್ಟಿಗೆ ಒಂದೇ. ಇದನ್ನು ಸಾಧಿಸಲು ನಾನು ಕಿತ್ತಳೆಯನ್ನು ಕಲಸಿ, ಆಕಾಶದ ಬಣ್ಣದ ಪಕ್ಕದಲ್ಲಿಟ್ಟು, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ, ಎರಡರ ನಡುವಿನ ಗೆರೆ ಅಳಿಸಿಹೋಗುವವರೆಗೆ ತಿದ್ದುತ್ತಿದ್ದೆ. ಸೂರ್ಯನನ್ನು ಆಕಾಶಕ್ಕಿಂತ ತಿಳಿಯಾಗಿಸಬೇಕೆಂಬ ಪ್ರೇರಣೆ ಕೈಯಲ್ಲಿ ಬಹಳ ಬಲವಾಗಿರುತ್ತದೆ. ಅದನ್ನು ತಡೆದು ಹೊಳಪನ್ನು ಸಮ ಮಾಡಿದಾಗ ಮಾತ್ರ ಬಿಲ್ಲೆ ಮಂಜಿನೊಳಗೆ ಮಿಡಿಯತೊಡಗುತ್ತದೆ. ಯಾವ ಉಪಕರಣವೂ ಇಲ್ಲದೆ ಬರಿಗಣ್ಣಿನಿಂದ ಮೊನೆ ಇದನ್ನು ತೂಗಿದ್ದನೆಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಆ ಚಿತ್ರ 1874ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ಕಪುಸೀನ್ ಬುಲ್ವಾರ್‌ನಲ್ಲಿ, ಛಾಯಾಗ್ರಾಹಕ ನಾದಾರ್‌ನ ಹಿಂದಿನ ಸ್ಟುಡಿಯೊದಲ್ಲಿ ತೆರೆದ ಪ್ರದರ್ಶನದಲ್ಲಿತ್ತು. ಸಲೋನ್ ಎಂಬ ಸರ್ಕಾರಿ ಕಲಾಪ್ರದರ್ಶನದ ಆಯ್ಕೆಗೆ ಕಾಯದೆ ಕಲಾವಿದರೇ ಸಂಘ ಕಟ್ಟಿ, ಒಂದು ಫ್ರಾಂಕ್ ಪ್ರವೇಶಶುಲ್ಕ ಇಟ್ಟು ಏರ್ಪಡಿಸಿದ ಪ್ರದರ್ಶನವದು; ಪಿಸಾರೊ, ರೆನ್ವಾರ್, ಸಿಸ್ಲೆ, ದೆಗಾ, ಬರ್ತ್ ಮೊರಿಸೊ, ಸೆಜಾನ್ ಎಲ್ಲರ ಚಿತ್ರಗಳೂ ಅಲ್ಲಿದ್ದವು. ಲೂಯಿ ಲೆರ್ವಾ ಎಂಬ ವಿಮರ್ಶಕ ಮೊನೆಯ ಚಿತ್ರದ ಹೆಸರನ್ನೇ ಹಿಡಿದು ಅಣಕಿಸಿ ಬರೆದ ಲೇಖನದಿಂದ ಇಂಪ್ರೆಷನಿಸ್ಟ್ ಎಂಬ ಹೆಸರು ಹರಡಿತು. 1886ರವರೆಗೆ ಅಂಥ ಎಂಟು ಪ್ರದರ್ಶನಗಳು ನಡೆದವು, ಎಂಟರಲ್ಲೂ ಪಾಲ್ಗೊಂಡವನು ಪಿಸಾರೊ ಒಬ್ಬನೇ. ಗುಂಪಿನ ಆರಂಭದ ಗೆಳೆಯ ಫ್ರೆಡೆರಿಕ್ ಬಜೀಲ್ ಮಾತ್ರ ಮೊದಲನೆಯದನ್ನೂ ನೋಡಲಿಲ್ಲ. ಆತ 1870ರ ಫ್ರಾಂಕೊ-ಪ್ರಷ್ಯನ್ ಯುದ್ಧದಲ್ಲಿ ಮಡಿದಿದ್ದ.

ಎಲ್ಲವೂ ಬಯಲಿನಲ್ಲೇ, ಒಂದೇ ಸಲಕ್ಕೆ ಮುಗಿಯುತ್ತಿತ್ತು ಎಂಬ ನಂಬಿಕೆಯನ್ನು ರುವಾನ್ ಬದಲಿಸುತ್ತದೆ. ಅಲ್ಲಿಯ ಕೆಥೆಡ್ರಲ್‌ನ ಮುಂಭಾಗ ಪಶ್ಚಿಮಕ್ಕಿದೆ. ಬೆಳಿಗ್ಗೆ ಅದು ನೆರಳಿನಲ್ಲಿ ನೀಲಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಿಸಿಲು ಕೆತ್ತನೆಗಳನ್ನು ಸವರತೊಡಗುತ್ತದೆ, ಸಂಜೆಗೆ ಕಲ್ಲು ಜೇನುಬಣ್ಣಕ್ಕೆ ತಿರುಗುತ್ತದೆ. 1892 ಮತ್ತು 1893ರಲ್ಲಿ ಮೊನೆ ಎದುರುಗಡೆಯ ಕಟ್ಟಡಗಳ ಕಿಟಕಿಗಳಿಂದ ಹಲವು ಕ್ಯಾನ್ವಾಸುಗಳನ್ನು ಹೊತ್ತಿಗೊಂದರಂತೆ ಬದಲಿಸುತ್ತ ಕೆಲಸ ಮಾಡಿ, ಅವನ್ನು ತಾನು ನೆಲೆಸಿದ್ದ ಜಿವೆರ್ನಿ ಹಳ್ಳಿಯ ಸ್ಟುಡಿಯೊದಲ್ಲಿ ಪೂರ್ಣಗೊಳಿಸಿ, 1895ರಲ್ಲಿ ಇಪ್ಪತ್ತನ್ನು ಒಟ್ಟಿಗೆ ಪ್ರದರ್ಶಿಸಿದ. ನಾನು ಆ ಕ್ರಮವನ್ನು ಅನುಸರಿಸಿದಾಗ ಕ್ಯಾನ್ವಾಸಿನ ಹಿಂಬದಿಯಲ್ಲಿ ಹೊತ್ತು ಬರೆದಿಟ್ಟು, ಮರುದಿನ ಅದೇ ಹೊತ್ತಿಗೆ ಅದೇ ಕ್ಯಾನ್ವಾಸನ್ನು ಈಸಲ್ಲಿಗೇರಿಸುತ್ತಿದ್ದೆ. ಮನೆಗೆ ತಂದು ಪಕ್ಕಪಕ್ಕ ಇಟ್ಟಾಗಲೇ ಒಂದರ ಬಣ್ಣ ಇನ್ನೊಂದರಲ್ಲಿ ಏನನ್ನು ಕೇಳುತ್ತಿದೆಯೆಂದು ತಿಳಿಯುತ್ತಿತ್ತು.

ಈ ಕಲೆ ಫ್ರಾನ್ಸಿನಾಚೆಗೆ ಹರಡಿದ್ದರಲ್ಲಿ ದ್ಯುರಾಂ-ರುಯೆಲ್‌ನ ಪಾತ್ರ ದೊಡ್ಡದು. ಫ್ರಾಂಕೊ-ಪ್ರಷ್ಯನ್ ಯುದ್ಧಕಾಲದಲ್ಲಿ ಲಂಡನ್ನಿಗೆ ಹೋಗಿದ್ದ ಮೊನೆ ಮತ್ತು ಪಿಸಾರೊ ಅವನಿಗೆ ಪರಿಚಯವಾದದ್ದು ಅಲ್ಲಿ. ಸಾಲದ ಭಾರದಲ್ಲೂ ಅವರ ಚಿತ್ರಗಳನ್ನು ಕೊಳ್ಳುತ್ತಲೇ ಹೋದ ಆತ 1886ರಲ್ಲಿ ಸುಮಾರು 300 ಚಿತ್ರಗಳನ್ನು ನ್ಯೂಯಾರ್ಕಿಗೆ ಕೊಂಡೊಯ್ದ. ಅಮೆರಿಕದ ಚಿತ್ರಕಾರ್ತಿ ಮೇರಿ ಕ್ಯಾಸಟ್ ಪ್ಯಾರಿಸ್ಸಿನಲ್ಲಿದ್ದುಕೊಂಡೇ ತನ್ನ ದೇಶದ ಸಿರಿವಂತ ಗೆಳತಿಯರಿಂದ ಚಿತ್ರಗಳನ್ನು ಕೊಳ್ಳಿಸಿದಳು. ಆದರೆ ಚಿತ್ರಗಳು ಹಡಗಿನಲ್ಲಿ ಹೋದಷ್ಟು ಸುಲಭವಾಗಿ ಫ್ರಾನ್ಸಿನ ಬೆಳಕು ಬೇರೆಡೆಗೆ ಹೋಗಲಾರದು. ಜಪಾನಿನಿಂದ ಬಂದು ಫ್ರಾನ್ಸಿನಲ್ಲಿ ಕಲಿತು ಮರಳಿದ ಕುರೋದಾ ಸೇಕಿಯ ಗುಂಪನ್ನು ಅಲ್ಲಿಯವರು ನೇರಳೆ ಪಂಥವೆಂದು ಕರೆದರು. ನೆರಳಿಗೆ ನೇರಳೆ ಬಳಿಯುವುದು ಅವರಿಗೆ ಅಷ್ಟು ವಿಚಿತ್ರವಾಗಿ ಕಂಡಿತ್ತು. ಆಸ್ಟ್ರೇಲಿಯಾದ ಟಾಮ್ ರಾಬರ್ಟ್ಸ್, ಆರ್ಥರ್ ಸ್ಟ್ರೀಟನ್, ಚಾರ್ಲ್ಸ್ ಕಾಂಡರ್ ಮತ್ತು ಗೆಳೆಯರು 1889ರಲ್ಲಿ ಮೆಲ್ಬರ್ನ್‌ನಲ್ಲಿ ಏರ್ಪಡಿಸಿದ ಪ್ರದರ್ಶನದ ಬಹುಪಾಲು ಚಿತ್ರಗಳು ಒಂಬತ್ತು ಅಂಗುಲ ಉದ್ದ, ಐದು ಅಂಗುಲ ಅಗಲದ ಹಲಗೆಗಳ ಮೇಲಿದ್ದವು. ಅವುಗಳಲ್ಲಿ ಅನೇಕವು ಸಿಗಾರ್ ಪೆಟ್ಟಿಗೆಯ ಮುಚ್ಚಳಗಳು. ಹೀಗೆ ಪ್ರತಿ ನಾಡಿನವರೂ ತೆಗೆದುಕೊಂಡದ್ದು ಕೆಲಸದ ಕ್ರಮವನ್ನು. ಬಣ್ಣದ ಲೆಕ್ಕಾಚಾರವನ್ನು ತಮ್ಮ ಬಿಸಿಲಿನ ಎದುರು ನಿಂತು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ನಮ್ಮಲ್ಲಿ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ತೈಲವರ್ಣದಲ್ಲಿ ಬರೆದ ರೀತಿಯನ್ನು ನಾನು ಇದೇ ಸಾಲಿನಲ್ಲಿ ನೋಡುತ್ತೇನೆ.

ಊರಿಗೆ ಬಂದಾಗ ಕರಾವಳಿಯಲ್ಲಿ ಚಿತ್ರ ಬರೆಯುವಾಗ ನನಗೂ ಅದೇ ಲೆಕ್ಕಾಚಾರ ಎದುರಾಗುತ್ತದೆ. ಕೆಂಪು ಮಣ್ಣಿನಿಂದ ಚಿಮ್ಮುವ ಬೆಳಕು ಸುಣ್ಣ ಬಳಿದ ಗೋಡೆಯ ನೆರಳಿನೊಳಕ್ಕೆ ನುಗ್ಗುವುದರಿಂದ ನಾರ್ಮಂಡಿಯ ನೀಲಿ ನೆರಳು ಇಲ್ಲಿ ಸುಳ್ಳಾಗುತ್ತದೆ. ನೆರಳಿನ ಮೇಲ್ಭಾಗ ಆಕಾಶದಿಂದ ತಂಪಾಗಿದ್ದರೂ ನೆಲದ ಹತ್ತಿರ ಅದು ಬೆಚ್ಚಗಿನ ಕೆಂಪಿಗೆ ವಾಲುತ್ತದೆ. ನಾರ್ಮಂಡಿಯ ಬೇಸಿಗೆಯಲ್ಲಿ ಮುಸ್ಸಂಜೆ ಬಹಳ ಹೊತ್ತು ನಿಲ್ಲುತ್ತದೆ. ನಮ್ಮಲ್ಲಿ ಸೂರ್ಯ ನೇರವಾಗಿ ಇಳಿಯುವುದರಿಂದ ಬಣ್ಣ ಕಲಸುವಷ್ಟರಲ್ಲಿ ಕತ್ತಲಾಗಿರುತ್ತದೆ. ಆದ್ದರಿಂದ ಇಲ್ಲಿ ಸಂಜೆಗಳಿಗೆ ದೊಡ್ಡ ಕ್ಯಾನ್ವಾಸನ್ನು ಬಿಟ್ಟು, ಮೆಲ್ಬರ್ನ್‌ನವರ ಅಳತೆಯ ಪುಟ್ಟ ಹಲಗೆಗಳನ್ನೇ ಹಿಡಿಯುತ್ತೇನೆ. ಆಕಾಶ ಮತ್ತು ನೀರಿನ ಮುಖ್ಯ ಬಣ್ಣಗಳನ್ನು ಹೊತ್ತು ಇಳಿಯುವ ಮೊದಲೇ ಊಹಿಸಿ ಪ್ಯಾಲೆಟ್ಟಿನ ಮೇಲೆ ಕಲಸಿಟ್ಟುಕೊಂಡು, ಸೂರ್ಯ ನೀರಿಗೆ ತಾಗಿದ ಮೇಲೆ ಅವುಗಳನ್ನು ತಿದ್ದುವುದಕ್ಕೆ ಮಾತ್ರ ಕುಂಚವನ್ನು ಬಳಸುತ್ತೇನೆ.