ಎಳೆದರೆ ಅಗಲವಾಗುವ ಜಾಲರಿ: ಕೃತಕ ಸೊಂಟದ ಕೀಲಿನ ಮಾದರಿ ಮಾಡಿದ ನನ್ನ ಅನುಭವ

ನನ್ನ ದೊಡ್ಡಪ್ಪನವರಿಗೆ ಅಳವಡಿಸಿದ್ದ ಕೃತಕ ಸೊಂಟದ ಕೀಲು ಕೆಲವು ವರ್ಷಗಳಲ್ಲಿ ಸಡಿಲವಾಯಿತು. ಎಕ್ಸ್‌ರೇಯಲ್ಲಿ, ತೊಡೆಮೂಳೆಯೊಳಗೆ ಇಳಿಸಿದ ಲೋಹದ ಕಾಂಡದ ಹೊರಮಗ್ಗುಲಿಗೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತಿತ್ತು. ಅದು ಮೂಳೆಗೂ ಲೋಹಕ್ಕೂ ನಡುವೆ ಬಿದ್ದ ಸಂದು ಎಂದು ವೈದ್ಯರು ತೋರಿಸಿದರು. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಯಂತ್ರಭಾಗಗಳ ಮಾದರಿ ಮಾಡಿಕೊಡುವ ನನಗೆ, ಆ ಸಂದನ್ನು ಮುಚ್ಚುವ ಬಗೆಯನ್ನು ಕೈಯಾರೆ ಮಾಡಿ ನೋಡಬೇಕೆನಿಸಿತು.

ನಡೆಯುವಾಗ ದೇಹದ ಭಾರ ಕೀಲಿನ ಗುಂಡಿನ ಮೇಲೆ ಓರೆಯಾಗಿ ಬೀಳುವುದರಿಂದ ಕಾಂಡವು ಬಾಗುತ್ತದೆ. ಅದರ ಒಳಮಗ್ಗುಲು ಅದುಮಿಕೊಳ್ಳುತ್ತದೆ, ಹೊರಮಗ್ಗುಲು ಎಳೆತಕ್ಕೆ ಸಿಗುತ್ತದೆ. ಸಾಮಾನ್ಯ ಲೋಹವನ್ನು ಎಳೆದರೆ ಅದು ಅಡ್ಡಕ್ಕೆ ತೆಳುವಾಗುತ್ತದೆ, ಆದ್ದರಿಂದ ಹೊರಮಗ್ಗುಲು ಮೂಳೆಯಿಂದ ಹಿಂದೆ ಸರಿಯುತ್ತದೆ. ಈ ಗುಣವನ್ನು ಅಳೆಯುವ ಪಾಯ್ಸನ್ ಅನುಪಾತವು ಉಕ್ಕಿಗೆ ಸುಮಾರು 0.3. ಅದು ಸೊನ್ನೆಗಿಂತ ಕಡಿಮೆಯಿದ್ದರೆ ವಸ್ತುವು ಎಳೆದಾಗ ಅಗಲವಾಗುತ್ತದೆ. ಅಮೆರಿಕದ ಸಂಶೋಧಕ ರಾಡ್ರಿಕ್ ಲೇಕ್ಸ್ 1987ರಲ್ಲಿ ಅಂಥ ಫೋಮನ್ನು ತಯಾರಿಸಿ ತೋರಿಸಿದರು. ಇಂಥ ವಸ್ತುಗಳಿಗೆ ಆಕ್ಸೆಟಿಕ್ ಎಂಬ ಹೆಸರನ್ನು 1991ರಲ್ಲಿ ಬ್ರಿಟನ್ನಿನ ಸಂಶೋಧಕ ಕೆನ್ ಇವಾನ್ಸ್ ಬಳಕೆಗೆ ತಂದರು.

ಜೇನುಗೂಡಿನ ಆರು ಮೂಲೆಯ ಕೋಣೆಯಲ್ಲಿ ಎದುರುಬದುರಿನ ಎರಡು ಮೂಲೆಗಳನ್ನು ಒಳಕ್ಕೆ ತಳ್ಳಿದರೆ ಡಮರುವಿನ ಆಕಾರ ಬರುತ್ತದೆ; ಇಂಥ ಕೋಣೆಗಳ ಜಾಲರಿ ಎಳೆದಾಗ ಅಗಲವಾಗುತ್ತದೆ. ನೆಟ್ಟನೆಯ ಗೋಡೆ 10 ಮಿ.ಮೀ., ಓರೆಗೋಡೆ 5 ಮಿ.ಮೀ., ಓರೆ 30 ಡಿಗ್ರಿ ಇಟ್ಟರೆ ಲೆಕ್ಕದ ಪ್ರಕಾರ ಅನುಪಾತ −1 ಬರಬೇಕು. ರಬ್ಬರಿನಂತೆ ಬಾಗುವ ಟಿಪಿಯು ಎಳೆಯಲ್ಲಿ 1.2 ಮಿ.ಮೀ. ದಪ್ಪದ ಗೋಡೆಗಳನ್ನು ಅಚ್ಚು ಹಾಕಿದಾಗ ಸಂಧಿಗಳು ಮಂದವಾಗಿ, ಜಾಲರಿ ಅಷ್ಟಾಗಿ ಅರಳಲಿಲ್ಲ. ಕರಗಿದ ಪ್ಲಾಸ್ಟಿಕ್ ಹೊರಬರುವ 0.4 ಮಿ.ಮೀ. ನಾಜಲ್ಲಿನಿಂದ ಎರಡೇ ಸಾಲು ಬರುವಂತೆ ಗೋಡೆಯನ್ನು 0.8 ಮಿ.ಮೀ.ಗೆ ಇಳಿಸಿದ ಮೇಲೆ ವರ್ನಿಯರ್ ಅಳತೆಯಲ್ಲಿ −0.7ರ ಆಸುಪಾಸು ಸಿಕ್ಕಿತು.

ನಿಜವಾದ ತಪ್ಪು ಆಮೇಲೆ ಆಯಿತು. ಅಕ್ರಿಲಿಕ್ ಹಲಗೆಯಲ್ಲಿ ಮೂಳೆಯ ನಾಳದಂತೆ ಸೀಳು ಕೊರೆದು, ಇಡೀ ಕಾಂಡವನ್ನು ಡಮರು ಜಾಲರಿಯಲ್ಲೇ ಮಾಡಿ ಕೂರಿಸಿ, ಗುಂಡಿನ ಮೇಲೆ ತೂಕ ಇಟ್ಟೆ. ಹೊರಮಗ್ಗುಲು ಗೋಡೆಗೆ ಒತ್ತಿಕೊಂಡಿತು. ಆದರೆ ಒಳಮಗ್ಗುಲಿನಲ್ಲಿ ಹೊಸ ಸಂದು ಬಿತ್ತು. ಎಳೆದಾಗ ಅರಳುವ ಜಾಲರಿ ಅದುಮಿದಾಗ ಕುಗ್ಗಲೇಬೇಕೆಂಬುದು ಕಾಗದದ ಮೇಲೆ ನನಗೆ ತಿಳಿದಿತ್ತು, ಕೈಯಲ್ಲಿ ಮಾಡುವಾಗ ಮರೆತಿದ್ದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ವಿನ್ಯಾಸದಲ್ಲಿ ಎರಡು ಬಗೆಯ ಜಾಲರಿಗಳನ್ನು ಸೇರಿಸಿದ್ದೇಕೆಂಬುದು ಆಗ ಮನದಟ್ಟಾಯಿತು. ಹೊರಮಗ್ಗುಲಿಗೆ ಡಮರು, ಒಳಮಗ್ಗುಲಿಗೆ ಅದುಮಿದಾಗ ಅಗಲವಾಗುವ ಸಾಮಾನ್ಯ ಜೇನುಗೂಡು ಇರುವಂತೆ ಮತ್ತೆ ಅಚ್ಚು ಹಾಕಿದೆ. ಈ ಸಲ ತೂಕ ಇಟ್ಟಾಗ ಸಂದು ಅಳೆಯುವ ತೆಳು ಲೋಹದ ಪಟ್ಟಿಯಾದ 0.05 ಮಿ.ಮೀ. ಫೀಲರ್ ಗೇಜು ಎರಡೂ ಕಡೆ ಒಳಗೆ ಹೋಗಲಿಲ್ಲ. ಆ ಗೇಜನ್ನು ಹಿಡಿದು ನಾನು ಬಹಳ ಹೊತ್ತು ಕುಳಿತಿದ್ದೆ.

ಇದು ಪ್ಲಾಸ್ಟಿಕ್ಕಿನ ಚಪ್ಪಟೆ ಮಾದರಿ ಮಾತ್ರ. ದೇಹದೊಳಗೆ ಹೋಗಬೇಕಾದುದನ್ನು ಟೈಟೇನಿಯಂ ಮಿಶ್ರಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ ಪದರಪದರವಾಗಿ ಕಟ್ಟುತ್ತಾರೆ. ಆ ಲೋಹದ ಬಿಗಿತ ಸುಮಾರು 110 ಗಿಗಾಪ್ಯಾಸ್ಕಲ್, ಗಟ್ಟಿ ಮೂಳೆಯದು 20ರೊಳಗೆ; ಜಾಲರಿಯು ಈ ಅಂತರವನ್ನು ತಗ್ಗಿಸಿ, ಭಾರದ ಪಾಲು ಸಿಗದೆ ಮೂಳೆ ಸವೆಯುವುದನ್ನೂ ಕಡಿಮೆ ಮಾಡಬಲ್ಲದು. ಆದರೆ ಕಾಂಡಗಳ ಬಾಳಿಕೆ ಪರೀಕ್ಷೆಯಲ್ಲಿ ಭಾರವನ್ನು 50 ಲಕ್ಷ ಸಲ ಹೇರಲಾಗುತ್ತದೆ. ಗಟ್ಟಿ ಪಿಎಲ್ಎ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ನನ್ನ ಇನ್ನೊಂದು ಜಾಲರಿ ಅದರ ಅತಿ ಸಣ್ಣ ಪಾಲಿಗೇ ಬಿರುಕು ಬಿಟ್ಟಿತು, ಬಿರುಕು ಹುಟ್ಟಿದ್ದು ಡಮರುವಿನ ಸೊಂಟದ ಚೂಪಾದ ಒಳಮೂಲೆಯಲ್ಲಿ. ಈಗ ಆ ಮೂಲೆಗಳನ್ನು ದುಂಡಗೆ ಮಾಡುತ್ತಿದ್ದೇನೆ. ದುಂಡಗಾದಷ್ಟೂ ಸಂಧಿ ಮಂದವಾಗುತ್ತದೆ, ಜಾಲರಿ ಅರಳುವುದು ಕಡಿಮೆಯಾಗುತ್ತದೆ.