ಮೊದಲು ಮೂಳೆಯ ಅಳತೆ, ಆಮೇಲೆ ಸೈಕಲ್ ಸೀಟು

ಕಲಬುರಗಿಯಿಂದ ಆಳಂದ ರಸ್ತೆಯಲ್ಲಿ ದಿನವೂ ಬೆಳಿಗ್ಗೆ ಸೈಕಲ್ ತುಳಿಯುತ್ತೇನೆ. ಮೆತ್ತಗಿದ್ದರೆ ಹಿತವೆಂದು ನಂಬಿ ದಪ್ಪ ಜೆಲ್ ಸೀಟು ಹಾಕಿಸಿದ್ದೆ. ಅರ್ಧ ಗಂಟೆಯಲ್ಲೇ ತೊಡೆಸಂದು ಜೋಮು ಹಿಡಿಯುತ್ತಿತ್ತು. ಕೂರುವ ಮೂಳೆಗಳು, ಅಂದರೆ ಕುಳಿತಾಗ ಭಾರ ಹೊರುವ ಪೃಷ್ಠದ ಎರಡು ಮೂಳೆಗಳು, ಜೆಲ್‌ನಲ್ಲಿ ಹೂತುಹೋದರೆ ಭಾರವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ.

ಆದ್ದರಿಂದ ಮೊದಲು ಅಳತೆ ತೆಗೆಯಿರಿ. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಗಟ್ಟಿ ಕಟ್ಟೆಯ ಮೇಲೆ ಹಾಸಿ. ನಮ್ಮ ಮನೆಯ ಶಹಾಬಾದ್ ಕಲ್ಲಿನ ಕಟ್ಟೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ತುಸು ಮುಂದೆ ಬಾಗಿ ಒಂದು ನಿಮಿಷ ಕುಳಿತು ಎದ್ದರೆ ಎರಡು ಗುಳಿಗಳು ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ನನ್ನದು 115 ಮಿ.ಮೀ. ಬಂತು, ಮೂಳೆಗಳು ಸೀಟಿನ ಅಂಚಿಗೆ ಬರದಂತೆ 25 ಸೇರಿಸಿ 140 ಮಿ.ಮೀ. ಅಗಲದ ಗಟ್ಟಿ ಸೀಟು ಕೊಂಡೆ. ನೆಟ್ಟಗೆ ಕುಳಿತು ತುಳಿಯುವವರಿಗೆ ಇನ್ನಷ್ಟು ಅಗಲ ಬೇಕು.

ಸೀಟನ್ನು ಮಟ್ಟವಾಗಿ ಬಿಗಿಯಿರಿ. ಮೂತಿ ಮೇಲೆದ್ದರೆ ಅದೇ ಜೋಮು ಮರಳುತ್ತದೆ.