ವಾಚ್ ಲೇತ್‌ನಲ್ಲಿ ಕಚ್ಚಿಕೊಂಡ ಕಾಲೆಟ್, ಚಕ್ ಬಿಡಿಸುವುದು

ಗಡಿಯಾರ ರಿಪೇರಿಯ ಪುಟ್ಟ ಲೇತ್‌ನಲ್ಲಿ ಕೆಲಸದ ಕಡ್ಡಿಯನ್ನು ಹಿಡಿಯುವ ಸೀಳು ಕೊಳವೆಯೇ ಕಾಲೆಟ್. 8 ಮಿ.ಮೀ. ಡಬ್ಲ್ಯುಡಬ್ಲ್ಯು (ವೆಬ್‌ಸ್ಟರ್-ವಿಟ್‌ಕಂಬ್) ಮಾದರಿಯ ಕಾಲೆಟ್ ತಾನಾಗಿ ಕಚ್ಚಿಕೊಳ್ಳುವ ವಸ್ತುವಲ್ಲ. ತಲೆಯ ಇಳಿಜಾರು ಒಟ್ಟು 40 ಡಿಗ್ರಿ, ಬದಿಗೆ 20. ಇಷ್ಟು ಅಗಲದ ಕೋನ ಡ್ರಾಬಾರ್ (ಕಾಲೆಟನ್ನು ಹಿಂದಿನಿಂದ ಒಳಕ್ಕೆ ಎಳೆದು ಬಿಗಿಯುವ ಥ್ರೆಡ್ ಕೊಳವೆ) ಸಡಿಲಾದ ಕೂಡಲೇ ಜಾರಿ ಹೊರಬರಬೇಕು. ಲೋಹವನ್ನು ಲೋಹ ಬಿಗಿಯಾಗಿ ಹಿಡಿಯುವುದು ಮೋರ್ಸ್ ಟೇಪರ್ ಎಂಬ ಕಿರಿದಾದ ಇಳಿಜಾರಿನಂತೆ ಬದಿಗೆ ಸುಮಾರು ಒಂದೂವರೆ ಡಿಗ್ರಿ ಇದ್ದಾಗ. ಹಾಗಾಗಿ ಕಾಲೆಟ್ ಬರುತ್ತಿಲ್ಲವೆಂದರೆ ನಡುವೆ ಏನೋ ಸೇರಿಕೊಂಡಿದೆ: ತುಕ್ಕು, ಗಟ್ಟಿಗೊಂಡ ಹಳೆಯ ಎಣ್ಣೆ, ಅರಗು, ಲೋಹದ ಚೂರು, ಇಲ್ಲವೇ ತುಂಡಾದ ಕೀ ಪಿನ್ (ಕಾಲೆಟ್ ಸುತ್ತದಂತೆ ತಡೆಯುವ ಪಿನ್). ಯಾವುದೆಂದು ಗೊತ್ತಾಗುವವರೆಗೆ ಸುತ್ತಿಗೆ ಮುಟ್ಟಬೇಡಿ.

ಬೆಲ್ಟ್ ತೆಗೆಯಿರಿ. ಹೆಡ್‌ಸ್ಟಾಕ್ (ಸ್ಪಿಂಡಲ್ ಎಂಬ ತಿರುಗುವ ಟೊಳ್ಳು ದಂಡವಿರುವ ಭಾಗ) ಅನ್ನು ಬೆಡ್‌ನಿಂದ, ಅಂದರೆ ಲೇತ್‌ನ ಅಡಿಹಳಿಯಿಂದ, ಬಿಡಿಸಿ ಮೇಜಿನ ಮೇಲೆ ಬೆಳಕಿನಲ್ಲಿಡಿ. ಕಾಲೆಟ್ ಮುಖದ ಮೇಲೂ ಪಕ್ಕದ ಸ್ಪಿಂಡಲ್ ಅಂಚಿನ ಮೇಲೂ ಒಂದೇ ನೇರಕ್ಕೆ ಪೆನ್ಸಿಲ್ ಗೀಟು ಎಳೆಯಿರಿ. ಈಗ ಸ್ಪಿಂಡಲ್ ಹಿಡಿದು, ಡ್ರಾಬಾರ್ ಕೈಚಕ್ರವನ್ನು ಅದರ ಕಡೆಯಿಂದ ನೋಡಿದಾಗ ಅಪ್ರದಕ್ಷಿಣವಾಗಿ ಮೆಲ್ಲಗೆ ತಿರುಗಿಸಿ. ಡ್ರಾಬಾರ್ ತಿರುಗಿ ಗೀಟುಗಳು ಕದಲದಿದ್ದರೆ ಥ್ರೆಡ್ ಸರಿಯಿದೆ, ಕಾಲೆಟ್ ಮಾತ್ರ ಅಂಟಿದೆ. ಕಾಲೆಟ್ ಗೀಟು ಡ್ರಾಬಾರ್ ಜೊತೆಗೇ ಸುತ್ತಿದರೆ ಕೀ ಪಿನ್ ತುಂಡಾಗಿದೆ. ಡ್ರಾಬಾರ್ ಅಲುಗದಿದ್ದರೆ ಥ್ರೆಡ್ಡೇ ಹಿಡಿದುಕೊಂಡಿದೆ.

ಸ್ಪಿಂಡಲ್ ಹಿಡಿಯಲು ಇಂಡೆಕ್ಸ್ ಪಿನ್ ಬಳಸಲೇಬೇಡಿ. ಅದು ಭಾಗ ಎಣಿಸಲು ಇರುವ ಸಣ್ಣ ಪಿನ್. ಒತ್ತಡ ಬಿದ್ದರೆ ಬಾಗುತ್ತದೆ, ಪುಲ್ಲಿಯ ತೂತುಗಳು ಹಿಗ್ಗುತ್ತವೆ. ಹಳೇ ಚರ್ಮದ ಪಟ್ಟಿಯನ್ನು ಪುಲ್ಲಿಗೆ ಎರಡು ಸುತ್ತು ಸುತ್ತಿ ಕೈಯಲ್ಲಿ ಬಿಗಿಹಿಡಿದರೆ ಸಾಕು.

ಥ್ರೆಡ್ ಹಿಡಿದುಕೊಳ್ಳಲು ತುಕ್ಕೊಂದೇ ಕಾರಣವಲ್ಲ. ಕೆಲವರ ಕಾಲೆಟ್‌ನಲ್ಲಿ ಇಂಚಿಗೆ 40 ಹಲ್ಲು, ಅಂದರೆ 0.635 ಮಿ.ಮೀ. ಪಿಚ್ (ಹಲ್ಲಿಂದ ಹಲ್ಲಿಗಿರುವ ದೂರ), ಇನ್ನು ಕೆಲವರದು 0.625. ಹಲ್ಲಿಗೆ 0.01ರ ವ್ಯತ್ಯಾಸ ಕಣ್ಣಿಗೆ ಕಾಣದು, ಆದರೆ ಹತ್ತು ಹಲ್ಲು ಒಳಹೋಗುವಷ್ಟರಲ್ಲಿ 0.1 ಮಿ.ಮೀ. ಆಗಿ ಬಿಗಿಯುತ್ತದೆ. ಬೇರೆ ಬೇರೆ ಸೆಟ್‌ನ ಕಾಲೆಟ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಇನ್ನು ನೆನೆಸುವುದು. ಎಣ್ಣೆ ಗಟ್ಟಿಯಾಗಿದ್ದರೆ ಸೀಮೆಎಣ್ಣೆ ಸಾಕು. ತುಕ್ಕಿಗೆ ಅಸಿಟೋನ್ ಮತ್ತು ಕಾರಿನ ಆಟೋಮ್ಯಾಟಿಕ್ ಗೇರ್ ಎಣ್ಣೆ (ಎಟಿಎಫ್) ಸಮಪಾಲು. ಬೇರೆಯಾಗುವ ಮಿಶ್ರಣವಾದ್ದರಿಂದ ಪ್ರತಿ ಸಲವೂ ಕುಲುಕಿ ಹಾಕಬೇಕು, ಬಣ್ಣಕ್ಕೆ ತಾಗಿಸಬಾರದು. ಕಾಲೆಟ್ ಅಂಚಿನಲ್ಲಿ ಕಂದು ಗಾಜಿನಂತೆ ಹೊಳೆಯುವ ಪದರ ಕಂಡರೆ ಅದು ಅರಗು. ಅದಕ್ಕೆ ಎಣ್ಣೆ ಏನೂ ಮಾಡುವುದಿಲ್ಲ, ಸ್ಪಿರಿಟ್ ಬೇಕು. ಸ್ಪಿಂಡಲ್ ಮೂತಿ (ಕಾಲೆಟ್ ಇರುವ ತುದಿ) ಮೇಲಕ್ಕೆ ಬರುವಂತೆ ಹೆಡ್‌ಸ್ಟಾಕ್ ನಿಲ್ಲಿಸಿ, ಕಾಲೆಟ್ ಸೀಳುಗಳಿಗೆ ಎರಡು ಮೂರು ಹನಿ ಬಿಟ್ಟು, ರಾತ್ರಿಯಿಡೀ ಬಿಡಿ. ಮಾರನೆಯ ದಿನ ಇನ್ನೊಮ್ಮೆ. ಹೆಚ್ಚಿನವು ಇಲ್ಲಿಗೇ ಬಿಡುತ್ತವೆ. ಅವಸರವೇ ಈ ಕೆಲಸದ ದೊಡ್ಡ ಶತ್ರು.

ಬಿಡದಿದ್ದರೆ ಒಂದು ಮಟ್ಟಸ ಮರದ ತುಂಡು ತೆಗೆದುಕೊಂಡು ಕಾಲೆಟ್ ತಲೆ ಇಳಿಯುವಷ್ಟು, ಆದರೆ ಸ್ಪಿಂಡಲ್ ಅಂಚು ಕೂರುವಷ್ಟು ತೂತು ಕೊರೆಯಿರಿ. ಡ್ರಾಬಾರ್ ಅನ್ನು ಎರಡು ಸುತ್ತು ಸಡಿಲಿಸಿ. ಕೈಚಕ್ರ ಸುಮಾರು 1.25 ಮಿ.ಮೀ. ಹಿಂದೆ ಸರಿಯುತ್ತದೆ, ನಾಲ್ಕೈದು ಹಲ್ಲಾದರೂ ಇನ್ನೂ ಹಿಡಿದಿರಬೇಕು. ಅದಕ್ಕಿಂತ ಕಡಿಮೆ ಉಳಿದರೆ ಏಟಿಗೆ ಥ್ರೆಡ್ ಕಿತ್ತುಬರುತ್ತದೆ. ಮೂತಿ ಕೆಳಗಾಗಿ ತೂತಿನ ಮೇಲೆ ನಿಲ್ಲಿಸಿ, ಕೈಚಕ್ರದ ನಡುವಿಗೆ ಸಣ್ಣ ಕೊಡತಿಯಿಂದ ಟಕ್ ಎಂದು ಹೊಡೆಯಿರಿ. ಏಟು ಸ್ಪಿಂಡಲ್ ಅಂಚಿನಿಂದ ನೇರ ಮರಕ್ಕೆ ಇಳಿಯಬೇಕು, ಬೇರಿಂಗ್ ದಾಟಬಾರದು. ಹೆಡ್‌ಸ್ಟಾಕ್ ಅನ್ನು ವೈಸ್‌ನಲ್ಲಿ ಹಿಡಿದು ಹೊಡೆದರೆ ಪೂರಾ ಏಟು ಬೇರಿಂಗ್ ಕೋನ್‌ಗಳ ಮೇಲೆ ಬೀಳುತ್ತದೆ, ಆ ಗುರುತು ಮತ್ತೆ ಹೋಗುವುದಿಲ್ಲ. ಡ್ರಾಬಾರ್ ಥ್ರೆಡ್ ಆಗಲೇ ಕಿತ್ತಿದ್ದರೆ, ಅದನ್ನು ಹೊರಗೆಳೆದು, ತುದಿ ಮಟ್ಟಸ ಮಾಡಿದ 6 ಮಿ.ಮೀ. ಹಿತ್ತಾಳೆ ಕಡ್ಡಿಯನ್ನು ಹಿಂದಿನಿಂದ ತೂರಿಸಿ ತಟ್ಟಿ.

ಬಿಸಿ ಕೊನೆಯ ಉಪಾಯ, ಅದೂ ದ್ರಾವಕವೆಲ್ಲ ಆರಿದ ಮೇಲೆ. ಬಿಸಿಗಾಳಿಯನ್ನು ಸ್ಪಿಂಡಲ್ ಮೂತಿಗೆ ಬೇಗ ಬೇಗ ತಾಗಿಸಿ, 100 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಹದ ಮಾಡಿದ ಉಕ್ಕು ಹೆಚ್ಚು ಕಾದರೆ ಮೆತ್ತಗಾಗುತ್ತದೆ. 60 ಡಿಗ್ರಿ ಏರಿದರೆ 8 ಮಿ.ಮೀ. ತೂತು ಹಿಗ್ಗುವುದು ಸುಮಾರು 0.006 ಮಿ.ಮೀ. ಅಷ್ಟೇ. ಒಳಗಿನ ಕಾಲೆಟ್ ಕಾಯುವ ಮೊದಲೇ ತಟ್ಟಿದರೆ ಮಾತ್ರ ಇದರಿಂದ ಲಾಭ.

ಪಿನ್ ತುಂಡಾಗಿದ್ದರೆ ಕಾಲೆಟ್ ಸುತ್ತದಂತೆ ಹಿಡಿಯಬೇಕು. ಅದರಲ್ಲಿ ಕಡ್ಡಿಯಿದ್ದರೆ ಚರ್ಮ ಸುತ್ತಿ ಇಕ್ಕಳದಿಂದ ಹಿಡಿಯಿರಿ. ಖಾಲಿಯಿದ್ದರೆ ಚೂಪು ಮಾಡಿದ ಮರದ ಗೂಟವನ್ನು ತೂತಿಗೆ ಒತ್ತಿ ತುಂಬಿ ಹಿಡಿಯಿರಿ. ಸೀಳಿಗೆ ಬ್ಲೇಡು ತುರುಕಬೇಡಿ, ಕಾಲೆಟ್ ದವಡೆ ಚಟಕ್ಕನೆ ಮುರಿಯುತ್ತದೆ.

ಶ್ಯಾಂಕ್ (ಕಾಲೆಟ್‌ನಂತೆ ಸ್ಪಿಂಡಲ್ ಒಳಗೆ ಹೋಗುವ ಬಾಲ) ಇರುವ ಮೂರು ದವಡೆಯ ಚಕ್ ಹಿಂದೆ 2 ಮಿ.ಮೀ. ಸಂದಿಯಿದ್ದರೆ ಕೊಡತಿಯೇ ಬೇಡ. ಡ್ರಾಬಾರ್ ಸಡಿಲಿಸಿ, ಕವೆಯಾಕಾರದ ಎರಡು ತೆಳು ಬೆಣೆಗಳನ್ನು ಎದುರುಬದುರಾಗಿ ತೂರಿಸಿ ಇಕ್ಕಳದಿಂದ ಒತ್ತಿ. ಬಲ ಚಕ್ ಮತ್ತು ಸ್ಪಿಂಡಲ್ ನಡುವೆಯೇ ಮುಗಿಯುತ್ತದೆ.

ಸ್ಪಿಂಡಲ್ ಮೂತಿಯ ಥ್ರೆಡ್‌ಗೆ ತಿರುಗಿಸಿ ಹಾಕುವ ಚಕ್ (ಯುನಿಮ್ಯಾಟ್ ಎಸ್‌ಎಲ್ ಎಂಬ ಪುಟ್ಟ ಲೇತ್‌ನಲ್ಲಿ ಎಂ12×1, ಅಂದರೆ 12 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್; ಯುನಿಮ್ಯಾಟ್ 3ರಲ್ಲಿ ಎಂ14×1) ಬೇರೆ ಮಾತು. ದವಡೆಯಲ್ಲಿ ಷಡ್ಭುಜ ಕಡ್ಡಿ ಅಡ್ಡಕ್ಕೆ ಹಿಡಿಸಿ, ಸ್ಪಿಂಡಲ್ ಬಿಗಿಹಿಡಿದು, ಮೇಲ್ತುದಿ ನಿಮ್ಮ ಕಡೆಗೆ ಬರುವಂತೆ ಒಂದೇ ಚುರುಕು ಏಟು ಕೊಡಿ. ನಿಧಾನವಾಗಿ ಜೋರು ಹಾಕಿದರೆ ಏನೂ ಆಗದು.

ಬಿಟ್ಟುಬಂದ ಮೇಲೆ ಸೀಟು (ಸ್ಪಿಂಡಲ್‌ನಲ್ಲಿ ಕಾಲೆಟ್ ಕೂರುವ ಇಳಿಜಾರು) ಒರೆಸಿ, ಕೀ ಪಿನ್ ಓಡುವ ತೋಡಿನಲ್ಲಿ ಎದ್ದ ಅಂಚನ್ನು ಸಾಣೆಕಲ್ಲಿನಿಂದ ತೀಡಿ. ನೆನೆಸಿದ ದ್ರವ ಬೇರಿಂಗ್ ಎಣ್ಣೆಯನ್ನೂ ತೊಳೆದಿರುತ್ತದೆ, ಓಡಿಸುವ ಮೊದಲು ಹೊಸ ಸ್ಪಿಂಡಲ್ ಎಣ್ಣೆ ಬಿಡಿ. ಡಯಲ್ ಗೇಜನ್ನು ಸೀಟಿಗೆ ತಾಗಿಸಿ ಕೈಯಿಂದ ತಿರುಗಿಸಿ, ಮುಳ್ಳು 0.01 ಮಿ.ಮೀ.ಗಿಂತ ಹೆಚ್ಚು ಆಡಿದರೆ ಇನ್ನೂ ಕೊಳೆಯಿದೆ ಅಥವಾ ಏಟು ಬಿದ್ದಿದೆ. ಖಾಲಿ ಕಾಲೆಟ್ ಬಿಗಿಯಬೇಡಿ, ಸಂಜೆ ಎದ್ದು ಹೋಗುವಾಗ ಡ್ರಾಬಾರ್ ಅರ್ಧ ಸುತ್ತು ಸಡಿಲಿಸಿಡಿ.